ಬನ್ಸ್ ‘ಇತ್ತ್’!

ಸೂರಾಲಿನ ಮಣ್ಣಿನ ಅರಮನೆ ನೋಡಲು ಬಂದಿದ್ದ ಬೆಂಗಳೂರಿನ ಗೆಳೆಯನೊಬ್ಬ ಹಸಿದುಕೊಂಡು ಕೊಕ್ಕರ್ಣೆ ಪೇಟೆಗೆ ಬಂದ. ಬೆಳಗಿನ ಒಂಬತ್ತೂವರೆ. ಸಣ್ಣ ಹೋಟೆಲೊಂದರ ಬಾಗಿಲಲ್ಲಿ ನಿಂತು ‘ಬನ್ಸ್ ಇದೆಯಾ?’ ಅಂದ. ಗಲ್ಲಾದಲ್ಲಿ ಕೂತಿದ್ದವರು ‘ಇತ್ತ್’ ಅಂದರು. ‘ಇಡ್ಲಿ?’ ‘ಇತ್ತ್.’ ‘ಹೋಗ್ಲಿ, ಚಹಾ ಆದ್ರೂ?’ ‘ಅದೂ ಇತ್ತ್.’ ಎಲ್ಲವೂ ಇತ್ತು, ಈಗ ಯಾವುದೂ ಉಳಿದಿಲ್ಲ ಎಂದುಕೊಂಡ ಪುಣ್ಯಾತ್ಮ ಎದುರಿನ ಅಂಗಡಿಯಲ್ಲಿ ಬಿಸ್ಕತ್ ಪೊಟ್ಟಣ ಕೊಂಡು ಬಸ್ಸಿಗೆ ಕಾದು ನಿಂತನಂತೆ. ಸಂಜೆ ಫೋನ್ ಮಾಡಿ, ‘ಏನಯ್ಯಾ ನಿಮ್ಮೂರು, ಒಂಬತ್ತೂವರೆಗೇ ಎಲ್ಲ ಖಾಲಿ!’ ಎಂದು ನನ್ನ ಮೇಲೆ ಹರಿಹಾಯ್ದ.

ಬನ್ಸ್ ಇತ್ತು ಮಾರಾಯ. ಅಂದರೆ, ಇದೆ. ಕುಂದಗನ್ನಡದಲ್ಲಿ ‘ಇತ್ತ್’ ಅಂದರೆ ವರ್ತಮಾನ. ಮುಗಿದಿದ್ದರೆ ‘ಖಾಲಿ ಆಯ್ತ್’ ಅನ್ನುತ್ತಿದ್ದರು. ಇನ್ನು ಗಲ್ಲಾದಲ್ಲಿ ತುಳು ಮಾತಾಡುವವರು ಇದ್ದಿದ್ದರೆ ‘ಬನ್ಸ್ ಉಂಡು’ ಅನ್ನುತ್ತಿದ್ದರು. ಅವನು ಯಾರೋ ಉಂಡು ಹೋದರೆಂದು ತಿಳಿಯುತ್ತಿದ್ದ. ಎರಡೂ ಭಾಷೆ ಓಡಾಡುವ ಈ ಪೇಟೆಯಲ್ಲಿ ‘ಇದೆ’ ಎನ್ನುವುದು ಒಂದು ಭಾಷೆಯಲ್ಲಿ ಮುಗಿದುಹೋದಂತೆ ಕೇಳುತ್ತದೆ, ಇನ್ನೊಂದರಲ್ಲಿ ತಿಂದಾದಂತೆ ಕೇಳುತ್ತದೆ. ಹೊರಗಿನವರಿಗೆ ನಮ್ಮ ಪೇಟೆ ಸಿಗುವುದು ಕಷ್ಟ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ತೊಡಕು ಮಾತಿನದು ಮಾತ್ರ ಅಲ್ಲ. ಊರಿಗೆ ಬಂದ ಕೂಡಲೇ ಈಗ ಎಲ್ಲರೂ ಫೋನ್ ತೆಗೆದು ನಕ್ಷತ್ರ ಎಣಿಸುತ್ತಾರೆ. ನಾಲ್ಕೂವರೆ ನಕ್ಷತ್ರ ಇದ್ದರೆ ಒಳಗೆ, ಮೂರು ಇದ್ದರೆ ಮುಂದಕ್ಕೆ. ಕೊಕ್ಕರ್ಣೆಯಂಥ ಪೇಟೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಒಳ್ಳೆಯದು ಸಿಗುವುದು ಹೊತ್ತು ನೋಡಿ ಬಂದವರಿಗೆ. ಒಂದೇ ಹೋಟೆಲು ಬೆಳಿಗ್ಗೆ ಎಂಟಕ್ಕೆ ಸ್ವರ್ಗ, ಹನ್ನೊಂದಕ್ಕೆ ಬರೀ ಬೆಂಚು.

ಎಷ್ಟು ದೊಡ್ಡ ಪೇಟೆ?

ಬ್ರಹ್ಮಾವರದ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿ, ಪೇತ್ರಿ ದಾಟಿ ಒಳಗೆ ಬಂದರೆ ಸಿಗುವ ಊರು ಕೊಕ್ಕರ್ಣೆ. ಸೀತಾನದಿಯ ಸೀಮೆ. ಮೊದಲು ಉಡುಪಿ ತಾಲ್ಲೂಕಿನಲ್ಲಿತ್ತು, 2018ರಿಂದ ಬ್ರಹ್ಮಾವರ ತಾಲ್ಲೂಕು. ಪಟ್ಟಣದವರು ಹೇಳುವ ‘ಸಿಟಿ ಸೆಂಟರ್’ ಇಲ್ಲಿ ಬಸ್ ನಿಲ್ಲುವ ಜಾಗ. ಅದರ ಆಚೀಚೆ ಜಿನಸಿ ಅಂಗಡಿ, ಔಷಧಿ ಅಂಗಡಿ, ಕೋಳಿ ಅಂಗಡಿ, ಅಡಿಕೆ ಕೊಳ್ಳುವವರು, ಬೇಕರಿ, ಹೊಲಿಗೆಯವರು, ಮೊಬೈಲ್ ರಿಪೇರಿ, ನಾಲ್ಕು ರಿಕ್ಷಾ. ಈ ತುದಿಯಿಂದ ಆ ತುದಿಗೆ ನಡೆಯಲು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಸಾಕು.

ಆದರೂ ಸುತ್ತಿನ ಹಳ್ಳಿಯವರು ಹೊರಡುವಾಗ ಹೇಳುವುದು ‘ಪ್ಯಾಟಿಗ್ ಹೋಯ್ಕ್’ ಅಂತಲೇ. ಪೇಟೆಗೆ ಮೆಟ್ಟಿಲುಗಳಿವೆ. ಉಪ್ಪು, ಮೀನು, ಮಾತ್ರೆಗೆ ಕೊಕ್ಕರ್ಣೆ. ಬಟ್ಟೆ, ಪಾತ್ರೆ, ಕಬ್ಬಿಣಕ್ಕೆ ಬ್ರಹ್ಮಾವರ. ಮದುವೆ ಜವಳಿ, ಚಿನ್ನ, ದೊಡ್ಡ ಡಾಕ್ಟರಿಗೆ ಉಡುಪಿ ಅಥವಾ ಕುಂದಾಪುರ. ಯಾವ ಮೆಟ್ಟಿಲಲ್ಲಿ ಯಾವುದು ಚೆನ್ನ ಎನ್ನುವುದು ಇಲ್ಲಿನ ಹೆಂಗಸರಿಗೆ ಬಾಯಿಪಾಠ. ಬೆಂಗಳೂರಿನಿಂದ ಬಂದ ಅಳಿಯ ಅದನ್ನು ಕಲಿಯಲು ಮೂರು ಹಬ್ಬ ಬೇಕು.

ಈ ಸೀಮೆಗೆ ವ್ಯಾಪಾರ ಹೊಸತೇನಲ್ಲ. ಇಲ್ಲಿನ ಊರಿನ ಹೆಸರುಗಳನ್ನೇ ನೋಡಿ. ಗೋಳಿಯಂಗಡಿ ಎಂದರೆ ಗೋಳಿಮರದ ಬುಡದ ಅಂಗಡಿ. ಸಂತೆಕಟ್ಟೆ ಎಂಬ ಹೆಸರಿನ ಊರು ಒಂದಕ್ಕಿಂತ ಹೆಚ್ಚಿವೆ. ಪಕ್ಕದ ಬಾರಕೂರು ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಅಲ್ಲಿನ ಮೂಡುಕೇರಿ, ಮಣಿಗಾರಕೇರಿ, ಕೋಟೆಕೇರಿ, ಚೌಳಿಕೇರಿಗಳ ಹೆಸರು ಇಂದಿಗೂ ಬಳಕೆಯಲ್ಲಿವೆ. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ ‘ಫಾಕನೂರ್’ ಎಂದು ಬರೆದ ಪಟ್ಟಣ ಬಾರಕೂರೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅವನು ಅಲ್ಲಿ ಮೆಚ್ಚಿದ್ದು ಕಬ್ಬನ್ನು. ಅಂಥ ಕಬ್ಬು ಈ ನಾಡಿನಲ್ಲಿ ಬೇರೆಲ್ಲೂ ಇಲ್ಲ ಎಂಬ ಅರ್ಥದ ಮಾತು ಬರೆದಿಟ್ಟ. ಆರು ಶತಮಾನದ ಬಳಿಕ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ಅದೂ ಬಾಗಿಲು ಹಾಕಿತು. ಉತ್ತರಕ್ಕೆ ಹೋದರೆ ಬಸ್ರೂರು. ಅಲ್ಲಿನ ಅಕ್ಕಿಗಾಗಿ ಪೋರ್ಚುಗೀಸರು ಕಾದು ಕೂರುತ್ತಿದ್ದರು. 1665ರಲ್ಲಿ ಶಿವಾಜಿಯ ಹಡಗುಗಳು ಲೂಟಿಗೆಂದು ಬಂದದ್ದು ಅದೇ ಊರಿಗೆ. ಒಳ್ಳೆಯ ಪೇಟೆ ಎಲ್ಲಿದೆ ಎಂದು ಹುಡುಕಿ ಬರುವವರು ಈ ಸೀಮೆಗೆ ಹಿಂದಿನಿಂದಲೂ ಇದ್ದಾರೆ. ಈಗಿನವರು ದುಡ್ಡು ಕೊಟ್ಟು ಹೋಗುತ್ತಾರೆ ಎನ್ನುವುದೊಂದು ವ್ಯತ್ಯಾಸ.

ಗಡಿಯಾರವೇ ಮೆನು

ಇಲ್ಲಿನ ಸಣ್ಣ ಹೋಟೆಲುಗಳಲ್ಲಿ ಮೆನು ಕಾರ್ಡ್ ಇರುವುದಿಲ್ಲ. ಗೋಡೆಯ ಮೇಲೆ ದೇವರ ಪಟ, ಕ್ಯಾಲೆಂಡರ್, ಒಂದು ಗಡಿಯಾರ. ಆ ಗಡಿಯಾರವೇ ಮೆನು.

ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಬನ್ಸಿನ ಹೊತ್ತು. ಬೇಗ ಯಾಕೆ ಖಾಲಿಯಾಗುತ್ತದೆ ಎಂದು ಸಿಟ್ಟು ಮಾಡುವವರು ಅದರ ಹುಟ್ಟನ್ನು ತಿಳಿಯಬೇಕು. ಸಿಪ್ಪೆಗೆ ಕಪ್ಪು ಚುಕ್ಕೆ ಬಿದ್ದು, ಮಾರಲು ಬಾರದಷ್ಟು ಕಳಿತ ಬಾಳೆಹಣ್ಣನ್ನು ಕಿವುಚಿ, ಸಕ್ಕರೆ, ಹುಳಿ ಮೊಸರು, ಚಿಟಿಕೆ ಸೋಡ, ಜೀರಿಗೆ ಹಾಕಿ ಮೈದಾದಲ್ಲಿ ಕಲಸಿ ರಾತ್ರಿಯೇ ಮುಚ್ಚಿಡುತ್ತಾರೆ. ಬೆಳಗಿನ ಹೊತ್ತಿಗೆ ಹಿಟ್ಟು ಹುಳಿ ಹಿಡಿದು ಹಗುರಾಗಿರುತ್ತದೆ. ರಾತ್ರಿ ಎಷ್ಟು ಕಲಸಿದ್ದಾರೋ ಬೆಳಿಗ್ಗೆ ಅಷ್ಟೇ ಬನ್ಸ್. ಗಿರಾಕಿ ಹೆಚ್ಚು ಬಂದರೆಂದು ಹತ್ತು ಗಂಟೆಗೆ ಮತ್ತೆ ಕಲಸಿದರೆ ಅದು ಪೂರಿಯೂ ಅಲ್ಲ, ಬನ್ಸೂ ಅಲ್ಲ. ಹಾಗಾಗಿ ‘ಖಾಲಿ ಆಯ್ತ್’ ಎನ್ನುವ ಹೋಟೆಲನ್ನು ನಂಬಿ. ಮಧ್ಯಾಹ್ನ ಎರಡಕ್ಕೂ ಬನ್ಸ್ ಇದೆ ಎನ್ನುವಲ್ಲಿ ಸ್ವಲ್ಪ ಯೋಚಿಸಿ.

ಹನ್ನೆರಡೂವರೆಗೆ ಪಾತ್ರೆ ಬದಲಾಗುತ್ತದೆ. ಸಸ್ಯಾಹಾರಿ ಹೋಟೆಲಲ್ಲಿ ಸಾರು, ಹುಳಿ, ಪಲ್ಯ, ಮಜ್ಜಿಗೆ. ಮೀನಿನ ಹೋಟೆಲಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು, ತವಾದಲ್ಲಿ ಕಾಯಿಸಿದ ಬಂಗುಡೆ. ಕೆಂಪು ಮಿಶ್ರಿತ, ದಪ್ಪ ಅಗುಳಿನ ಈ ಕುಚ್ಚಲಕ್ಕಿಯನ್ನು ಬಯಲುಸೀಮೆಯವರು ಮೊದಲ ತುತ್ತಿಗೆ ‘ಬೆಂದಿಲ್ಲ’ ಅನ್ನುತ್ತಾರೆ. ಬೆಂದಿದೆ. ಅದು ಇರುವುದೇ ಹಾಗೆ. ನಮ್ಮ ಗದ್ದೆಗಳಲ್ಲಿ ಹೆಚ್ಚು ಕಾಣುವ ‘ಎಂಒ4’ ತಳಿ ಕೇರಳದ ಮೊಂಕೊಂಪಿನಿಂದ ಬಂದದ್ದು. ಬಂದ ಮೇಲೆ ಇಲ್ಲಿನದೇ ಆಯಿತು. ಎರಡನೇ ತುತ್ತಿಗೆ ಮೀನು ಸಾರು ಕಲಸಿಕೊಂಡರೆ ಮೂರನೆಯದಕ್ಕೆ ದೂರು ಉಳಿಯುವುದಿಲ್ಲ.

ಮೀನಿಗೂ ಗಡಿಯಾರವುಂಟು. ಮಲ್ಪೆಯ, ಗಂಗೊಳ್ಳಿಯ ಮೀನು ಸ್ಕೂಟರ್ ಹಿಂದಿನ ಪೆಟ್ಟಿಗೆಯಲ್ಲಿ ಹಾರನ್ ಹಾಕಿಕೊಂಡು ಒಳನಾಡಿಗೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ‘ಫ್ರೆಶ್ ಅಂಜಲ್ ಉಂಟು’ ಎಂದು ಯಾರಾದರೂ ಬೋರ್ಡ್ ಹಾಕಿದರೆ ಅದು ಎಲ್ಲಿಯ ಮೀನೆಂದು ಕೇಳುವ ಹಕ್ಕು ನಿಮಗಿದೆ. ಆಗ ತಿನ್ನಬೇಕಾದ್ದು ಹೊಳೆಮೀನು, ಇಲ್ಲವೇ ಬೇಸಿಗೆಯಲ್ಲಿ ಕೊಂಡಿಟ್ಟ ಒಣಮೀನಿನ ಚಟ್ನಿ. ಹೊರಗೆ ಜಡಿಮಳೆ, ಒಳಗೆ ಗಂಜಿ, ಬದಿಗೆ ಕೆಂಡದಲ್ಲಿ ಸುಟ್ಟ ಒಣಮೀನು. ಇದನ್ನು ಯಾವ ಹೋಟೆಲೂ ಮನೆಯಷ್ಟು ಚೆನ್ನಾಗಿ ಮಾಡುವುದಿಲ್ಲ. ಆದ್ದರಿಂದ ನೆಂಟರನ್ನು ಕಳೆದುಕೊಳ್ಳಬೇಡಿ.

ಸಂಜೆ ನಾಲ್ಕಕ್ಕೆ ಗೋಳಿಬಜೆ. ಇದನ್ನು ಹತ್ತಿರ ನಿಂತು ನೋಡಬೇಕು. ಮೈದಾ, ಹುಳಿ ಮೊಸರು, ಹಸಿಮೆಣಸು, ಶುಂಠಿ, ಕರಿಬೇವು, ಹಲ್ಲಿಗೆ ಸಿಗುವ ಕೊಬ್ಬರಿ ಚೂರು. ಹಿಟ್ಟು ಅಂಟಂಟಾಗಿ, ಕೈಗೆ ಬಂದೂ ಬಾರದ ಹದ. ಬಾಣಲೆಯ ಮುಂದೆ ನಿಂತವರು ಕೈಯನ್ನು ನೀರಿಗೆ ಅದ್ದಿ, ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳು ತೋರುಬೆರಳಿನ ಸಂದಿಯಿಂದ ಜಾರಿಸುತ್ತಾರೆ. ಉಂಡೆ ತಳಕ್ಕೆ ಹೋಗಿ, ಕ್ಷಣ ಬಿಟ್ಟು, ಉಬ್ಬಿಕೊಂಡು ಮೇಲೆ ಬರುತ್ತದೆ. ಜಾಲರಿ ತಾಗಿಸಿದರೆ ಸಾಕು, ಮಗ್ಗುಲು ಬದಲಿಸುತ್ತದೆ. ಇಡೀ ಬಾಣಲೆ ಒಟ್ಟಿಗೆ ಮಗುಚುವುದನ್ನು ನೋಡಲು ಶಾಲೆ ಬಿಟ್ಟ ಮಕ್ಕಳೇ ಆಗಬೇಕೆಂದಿಲ್ಲ. ತಣ್ಣಗಾದ ಗೋಳಿಬಜೆ ರಬ್ಬರ್ ಚೆಂಡು, ಬಿಸಿಯದು ಮೋಡ. ನಡುವೆ ಇರುವುದು ಹತ್ತೇ ನಿಮಿಷ. ‘ಪಾರ್ಸೆಲ್ ಕೊಡಿ’ ಎನ್ನುವವರನ್ನು ಕಂಡರೆ ನನಗೆ ಮರುಕ.

ಬೋರ್ಡು ಬೆಂಗಳೂರಿನಲ್ಲಿ

ಇಷ್ಟೆಲ್ಲ ರುಚಿಯ ಸೀಮೆಯಲ್ಲಿ ಹೆಸರಾಂತ ಹೋಟೆಲು ಯಾಕೆ ಕಾಣುವುದಿಲ್ಲ? ಉತ್ತರ ಸುಲಭ. ಹೆಸರು ಮಾಡುವವರೆಲ್ಲ ಬಸ್ಸು ಹತ್ತಿದರು.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ 1924ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಮಯ್ಯ ಸಹೋದರರು ಕೋಟದ ಬಳಿಯ ಪರಂಪಳ್ಳಿಯವರು, ಅಂದರೆ ಇಂದಿನ ನಮ್ಮದೇ ತಾಲ್ಲೂಕಿನವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಮಾಡಿದ್ದು ತಾವೇ ಎಂದು ಆ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದವರು ಸಾಲಿಗ್ರಾಮದ ಉರಾಳರು. 1970ರಲ್ಲಿ ಅದನ್ನು ವಹಿಸಿಕೊಂಡ ಅಡಿಗರ ಊರು ಕುಂದಾಪುರದ ಶಂಕರನಾರಾಯಣ. ಬೆಂಗಳೂರಿನವರು ಶನಿವಾರ ಬೆಳಿಗ್ಗೆ ಸಾಲು ನಿಂತು ತಿನ್ನುವ ಮಸಾಲೆ ದೋಸೆಯ ಬೇರು ಹುಡುಕಿದರೆ ಕೊಕ್ಕರ್ಣೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಸಿಗುತ್ತದೆ.

ಕೋಟದಲ್ಲೇ ಹುಟ್ಟಿದ ಶಿವರಾಮ ಕಾರಂತರು ಈ ವಲಸೆಯನ್ನು ಕಣ್ಣಾರೆ ಕಂಡವರು. ‘ಮರಳಿ ಮಣ್ಣಿಗೆ’ಯಲ್ಲಿ ಶೀನ ಮಯ್ಯರ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ದುಡ್ಡು ಕಾಣುತ್ತಾರೆ. ಊರಿನ ಮಣ್ಣು ಸಾಕಾಗದೆ ಹೊರಟವರ ಕಥೆ ಅದು. ಹೊಟ್ಟೆಪಾಡಿಗೆ ಹೋದವರು ಅಲ್ಲಿನವರ ಹೊಟ್ಟೆ ತುಂಬಿಸಿ ದೊಡ್ಡವರಾದರು. ಊರಿನಲ್ಲಿ ಉಳಿದವರು ನಾಲ್ಕು ಬೆಂಚು, ಒಂದು ಒಲೆ ಇಟ್ಟುಕೊಂಡು, ಹೆಂಡತಿ ರುಬ್ಬಿ, ಗಂಡ ಬಡಿಸಿ ನಡೆಸಿದರು. ಅವುಗಳಲ್ಲಿ ಎಷ್ಟಕ್ಕೋ ಹೆಸರೇ ಇಲ್ಲ. ‘ಬಸ್‌ಸ್ಟ್ಯಾಂಡ್ ಹತ್ರದ್ದ್’, ‘ಭಟ್ರದ್ದ್’, ‘ಸೇತುವೆ ಆಚಿದ್ದ್’. ಫೋನಿನ ನಕ್ಷೆಗೆ ಇವು ಗೊತ್ತಿಲ್ಲದಿರುವುದು ಸಹಜ.

ಈ ಹೆಸರಿಲ್ಲದ ಹೋಟೆಲುಗಳ ಮುಂದೆ ಈಗ ಇರುವ ಪ್ರಶ್ನೆ ಗಿರಾಕಿಯದಲ್ಲ, ಕೈಯದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಲು ಮಕ್ಕಳು ಒಪ್ಪುವುದಿಲ್ಲ. ಅವರು ಕಂಪ್ಯೂಟರ್ ಮುಂದೆ ಕೂತು, ಸಂಜೆ ಫೋನಿನಲ್ಲಿ ದೋಸೆ ತರಿಸುತ್ತಾರೆ. ಯಾರನ್ನೂ ದೂರುವಂತಿಲ್ಲ. ಆ ಅಪ್ಪ ಅಮ್ಮ ರುಬ್ಬಿದ್ದೇ ಮಕ್ಕಳು ರುಬ್ಬದಿರಲಿ ಎಂದು.

ಚೀಲಕ್ಕೆ ಏನು?

ತಿಂದಾಯಿತು, ಇನ್ನು ಕೊಳ್ಳುವ ಮಾತು. ಪೇಟೆಯ ಗಾಜಿನ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿ, ಚೂಡಿದಾರ ಎಲ್ಲ ಊರಲ್ಲೂ ಸಿಗುತ್ತದೆ. ಹುಡುಕಬೇಕಾದ್ದು ಜಗುಲಿಯ ಕೆಳಗೆ, ಗೋಣಿಯ ಮೇಲೆ ಹರಡಿ ಕೂತವರಲ್ಲಿ.

ಮೊದಲ ಮಳೆಗೆ ಬಂದರೆ ಕಲ್ಲಣಬೆ. ಭೂಮಿಯೊಳಗೆ ಗೋಲಿಯಂತೆ ಹುಟ್ಟುವ ಈ ಅಣಬೆ ಕೆಲವೇ ದಿನ ಸಿಗುತ್ತದೆ, ಬೆಲೆ ಕೇಳಿದರೆ ಕೋಳಿಯೇ ಅಗ್ಗ ಎನ್ನಿಸುತ್ತದೆ. ಆದರೂ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಮಳೆ ಬಲಿತ ಮೇಲೆ ಕಳಲೆ, ಪತ್ರೊಡೆಗೆ ಕೆಸುವಿನ ಎಲೆ, ತಗತೆ ಸೊಪ್ಪು. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಗೇರುಬೀಜ, ಪುನರ್ಪುಳಿ ಸಿಪ್ಪೆ. ಚಳಿಗಾಲಕ್ಕೆ ಮಟ್ಟುಗುಳ್ಳ. ಉಡುಪಿಯ ಬಳಿಯ ಮಟ್ಟು ಗ್ರಾಮದ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಹಸಿರು ಮೈಯ ಮೇಲೆ ತೆಳುಗೆರೆ, ತೊಟ್ಟಿನಲ್ಲಿ ಮುಳ್ಳು. ತೆಳು ಸಿಪ್ಪೆಯ ಈ ಗುಳ್ಳ ಹುಳಿಯಲ್ಲಿ ಕರಗಿ ಬೆಣ್ಣೆಯಾಗುತ್ತದೆ. ಪೇಟೆಯಲ್ಲಿ ‘ಗುಳ್ಳ’ ಎಂದು ಮಾರುವುದೆಲ್ಲ ಮಟ್ಟುವಿನದಲ್ಲ. ಮುಳ್ಳು ನೋಡಿ ಕೊಳ್ಳಿ.

ಹೂವಿನಂಗಡಿಯ ಲೆಕ್ಕ ಬೇರೆಯದೇ. ಶಂಕರಪುರದ ಸೀಮೆಯ ಉಡುಪಿ ಮಲ್ಲಿಗೆಗೆ 2008ರಿಂದಲೇ ಭೌಗೋಳಿಕ ಸೂಚಿಕೆ ಇದೆ. ಇದನ್ನು ಮೊಳದಲ್ಲಿ ಅಳೆಯುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿದ 800 ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಮೊಗ್ಗು. ದರ ದಿನದಿನಕ್ಕೆ ಬದಲು. ಮದುವೆ ತಿಂಗಳಲ್ಲಿ ಅಟ್ಟೆಯ ದರ ಕೇಳಿ ಬಂದವರ ಮುಖ ಬಾಡುತ್ತದೆ, ಹೂ ಬಾಡುವುದಿಲ್ಲ. ‘ಇವತ್ ಅಟ್ಟೆಗ್ ಎಷ್ಟ್?’ ಎಂದು ಕೇಳಿದರೆ ನೀವು ಊರಿನವರೇ ಎಂದು ಅಂಗಡಿಯವಳು ತಿಳಿಯುತ್ತಾಳೆ.

ಇನ್ನೊಂದು, ಬುಟ್ಟಿ. ಕೊರಗ ಸಮುದಾಯದವರು ಕಾಡುಬಳ್ಳಿಯಿಂದ ಹೆಣೆಯುವ ಹೆಡಿಗೆ, ಬುಟ್ಟಿಗಳು ಜಾತ್ರೆಗೋ ಸಂತೆಗೋ ಬರುತ್ತವೆ. ಅಡಿಕೆ ಹೊತ್ತು, ಗೊಬ್ಬರ ಹೊತ್ತು, ಮಳೆಗೆ ನೆನೆದರೂ ವರ್ಷಗಟ್ಟಲೆ ಬಾಳುತ್ತವೆ. ಪ್ಲಾಸ್ಟಿಕ್ ಬುಟ್ಟಿಯ ದರದ ಜೊತೆ ಹೋಲಿಸಿ ಚೌಕಾಸಿ ಮಾಡುವವರು ಬಳ್ಳಿ ತರಲು ಕಾಡಿನಲ್ಲಿ ಎಷ್ಟು ನಡೆಯಬೇಕೆಂದು ಒಮ್ಮೆ ಕೇಳಿ ನೋಡಲಿ. ಕೈಮಗ್ಗದ ಉಡುಪಿ ಸೀರೆಯದೂ ಇದೇ ಕಥೆ. ತೆಳುವಾದ ಹತ್ತಿ, ಹಿತವಾದ ಬಣ್ಣ, ಕರಾವಳಿಯ ಸೆಕೆಗೆ ಹೇಳಿ ಮಾಡಿಸಿದ್ದು. ಮಗ್ಗದ ಮುಂದೆ ಕೂರುವವರು ಕಡಿಮೆಯಾಗಿ ನಿಂತೇಹೋಗುವ ಹಂತಕ್ಕೆ ಬಂದಿದ್ದ ಈ ನೇಯ್ಗೆ, ನೇಕಾರರ ಸಹಕಾರಿ ಸಂಘಗಳು ಮತ್ತು ಮೆಚ್ಚಿ ಕೊಳ್ಳುವವರಿಂದ ಉಸಿರು ಉಳಿಸಿಕೊಂಡಿದೆ.

ವಾರ ನೋಡಿ ಹೊರಡಿ

ದೊಡ್ಡ ಖರೀದಿಗೆ ಸಂತೆಯೇ ಆಗಬೇಕು. ಸೋಮವಾರ ಬ್ರಹ್ಮಾವರ, ಬುಧವಾರ ಆದಿಉಡುಪಿ, ಶನಿವಾರ ಕುಂದಾಪುರ. ಘಟ್ಟದ ಮೇಲಿನ ತರಕಾರಿ, ಬಯಲುಸೀಮೆಯ ಮೆಣಸು, ಈರುಳ್ಳಿ, ಊರಿನ ಬಸಳೆ, ಹರಿವೆ, ಬಾಳೆಗೊನೆ ಒಂದೇ ಕಡೆ. ಹೆದ್ದಾರಿ ಅಗಲವಾದ ಮೇಲೆ ಬ್ರಹ್ಮಾವರದ ರಸ್ತೆಬದಿಯಲ್ಲಿ ನಿಂತು ಕೊಳ್ಳುವ ಸುಖ ಕಡಿಮೆಯಾಯಿತು. ಆದರೂ ಸೋಮವಾರ ಬಂತೆಂದರೆ ಒಳನಾಡಿನ ಬಸ್ಸುಗಳಲ್ಲಿ ಚೀಲಕ್ಕೂ ಒಂದು ಸೀಟು ಬೇಕಾಗುತ್ತದೆ.

ಸಂತೆಯಲ್ಲೂ ಎರಡು ಹೊತ್ತು. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯ ಮಾಲು, ಸಂಜೆ ತಡವಾಗಿ ಹೋದರೆ ಒಳ್ಳೆಯ ದರ. ನಡುಮಧ್ಯಾಹ್ನ ಹೋಗುವವರಿಗೆ ಎರಡೂ ಇಲ್ಲ.

ಕುಂದಾಪುರದ ಶನಿವಾರಕ್ಕೆ ಹೋದವರು ಎರಡು ಕೆಲಸ ಮರೆಯಬಾರದು. ಒಂದು, ಕೋಳಿ. ನಾಡಿಗೆಲ್ಲ ಹಬ್ಬಿರುವ ಚಿಕನ್ ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಎನ್ನುವುದು ಊರ ಮಾತು. 1957ರಿಂದ ಇರುವ ಹೋಟೆಲು. ಬ್ಯಾಡಗಿ ಮೆಣಸಿನ ಕೆಂಪು, ಹುಣಸೆಯ ಹುಳಿ, ಮೊಸರಿನಲ್ಲಿ ನೆಂದ ಕೋಳಿ, ಮೇಲೆ ಕೈಬಿಚ್ಚಿ ಸುರಿದ ತುಪ್ಪ. ನೀರ್‌ದೋಸೆಯ ಜೊತೆ ತಿಂದರೆ ಬೆರಳಿನ ಬಣ್ಣ ಮರುದಿನದವರೆಗೂ ಹೋಗುವುದಿಲ್ಲ. ಮಂಗಳೂರು, ಬೆಂಗಳೂರು, ದುಬೈಯ ಮೆನುಗಳಲ್ಲೆಲ್ಲ ಈಗ ಅದು ಇದೆ. ಅಲ್ಲಿ ತುಪ್ಪದ ಚಮಚ ಮಾತ್ರ ಸಣ್ಣದಾಗುತ್ತಾ ಬಂದಿದೆ.

ಎರಡು, ಮಸಾಲೆ. ಕುಂದಾಪುರದ ಮಸಾಲೆ ಪುಡಿ ಕೊಳ್ಳುವಾಗ ಡಬ್ಬಿಯ ಬಣ್ಣ ನೋಡಬೇಡಿ, ಮೂಸಿ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಒಂದೊಂದನ್ನೂ ಬೇರೆಬೇರೆಯಾಗಿ, ಅದರದರ ಹದಕ್ಕೆ ಹುರಿಯಬೇಕು. ಕೊತ್ತಂಬರಿ ಕಂಪು ಬಿಟ್ಟಾಗ ಇಳಿಸಬೇಕು, ಮೆಂತೆ ಕೆಂಪಾಗುವ ಮುಂಚೆಯೇ ತೆಗೆಯಬೇಕು, ಇಲ್ಲದಿದ್ದರೆ ಇಡೀ ಡಬ್ಬಿ ಕಹಿ. ಕೊನೆಗೆ ಬೆಳ್ಳುಳ್ಳಿ, ಅರಿಸಿನ. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿದ ಪುಡಿಗೆ ಒಂದೇ ವಾಸನೆ. ಸರಿಯಾಗಿ ಮಾಡಿದ್ದಕ್ಕೆ ಮೂಗಿನ ಮುಂದೆ ಮೆಣಸು, ಹಿಂದೆ ಮೆಂತೆ, ಎರಡೂ ಬೇರೆಬೇರೆ ಸಿಗುತ್ತವೆ. ಪ್ರತಿ ಮನೆಯ ಅಳತೆಯೂ ಬೇರೆ. ನಮ್ಮಮ್ಮನ ಅಳತೆಯನ್ನು ಅಕ್ಕ ಕೇಳಿದಾಗ ‘ಕೈಗೆ ಗೊತ್ತಾತ್’ ಎಂದಷ್ಟೇ ಉತ್ತರ ಬಂದಿತ್ತು.

ರಾತ್ರಿ ಪೇಟೆ ಎದ್ದು ಹೋಗುತ್ತದೆ

ರಾತ್ರಿ ಎಂಟಕ್ಕೆ ಕೊಕ್ಕರ್ಣೆಯಲ್ಲಿ ಬಾಗಿಲುಗಳು ಒಂದೊಂದಾಗಿ ಬೀಳುತ್ತವೆ. ಹೊರಗಿನವರು ಇಷ್ಟಕ್ಕೇ ಊರು ಮಲಗಿತು ಎಂದುಕೊಳ್ಳುತ್ತಾರೆ. ದೀಪಾವಳಿಯ ನಂತರದಿಂದ ಮೇ ತಿಂಗಳ ಪತ್ತನಾಜೆಯವರೆಗೆ ಅದು ಮಲಗುವುದಿಲ್ಲ, ಜಾಗ ಬದಲಿಸುತ್ತದೆ.

ಹತ್ತಿರದ ಮಂದಾರ್ತಿ ದುರ್ಗಾಪರಮೇಶ್ವರಿ ದೇವಸ್ಥಾನದ ಐದು ಯಕ್ಷಗಾನ ಮೇಳಗಳು ಆ ತಿಂಗಳುಗಳಲ್ಲಿ ಸುತ್ತಿನ ಊರುಗಳಲ್ಲಿ ಹರಕೆಯ ಆಟ ಆಡುತ್ತವೆ. ಆಟ ಆಡಿಸಲು ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ರಂಗಸ್ಥಳ ಬಿದ್ದ ಗದ್ದೆಯ ಬದಿಯಲ್ಲಿ ಸಂಜೆಯೊಳಗೆ ಒಂದು ಪುಟ್ಟ ಪೇಟೆ ಏಳುತ್ತದೆ. ಗ್ಯಾಸ್ ಒಲೆಯ ಮೇಲೆ ಆಮ್ಲೆಟ್, ಚುರುಮುರಿ, ಕಡಲೆ, ಬಿಸಿ ಚಹಾ, ಮಕ್ಕಳಿಗೆ ಪೀಪಿ, ಬಲೂನು. ಚೆಂಡೆಯ ಪೆಟ್ಟು ಏರಿದಂತೆ ಗಿರಾಕಿ ಕಡಿಮೆ, ಪ್ರವೇಶ ಮುಗಿದಂತೆ ನೂಕುನುಗ್ಗಲು. ಅಂಗಡಿಯವನಿಗೆ ಪ್ರಸಂಗ ಇಡೀ ಗೊತ್ತು. ಮಹಿಷಾಸುರ ಬರುವ ಮೊದಲು ಈರುಳ್ಳಿ ಹೆಚ್ಚಿಟ್ಟಿರುತ್ತಾನೆ. ಫೆಬ್ರುವರಿಯ ಮಂದಾರ್ತಿ ಜಾತ್ರೆಗೆ ಬಂದರೆ ಇದೇ ಪೇಟೆ ನೂರು ಪಾಲು ಹಿಗ್ಗಿರುತ್ತದೆ. ಬಳೆ, ಕತ್ತಿ, ಚಾಪೆ, ಬತ್ತಾಸು, ಕಬ್ಬಿನ ಹಾಲು. ನನ್ನ ಮಟ್ಟಿಗೆ ಈ ಸೀಮೆಯ ಅತ್ಯುತ್ತಮ ಶಾಪಿಂಗ್ ಮಾಲ್ ಅದು. ವರ್ಷಕ್ಕೊಮ್ಮೆ ತೆರೆಯುತ್ತದೆ, ಪಾರ್ಕಿಂಗ್ ಗದ್ದೆಯಲ್ಲಿ.

ಯಾರನ್ನು ಕೇಳಬೇಕು?

ಹೊಸ ಊರಿನಲ್ಲಿ ಒಳ್ಳೆಯ ಹೋಟೆಲು, ಒಳ್ಳೆಯ ಅಂಗಡಿ ತಿಳಿಯಲು ನನ್ನದೊಂದು ಉಪಾಯವಿದೆ. ಪಿಗ್ಮಿ ಸಂಗ್ರಹಿಸುವವರನ್ನು ಹಿಡಿಯಿರಿ. ಅಂದಂದಿನ ಪುಡಿಗಾಸನ್ನು ಅಂದಂದೇ ಅಂಗಡಿ ಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಈ ಪದ್ಧತಿಯನ್ನು 1928ರಲ್ಲಿ ಶುರುಮಾಡಿದ್ದು ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು. ದಿನಕ್ಕೆ ಎರಡಾಣೆಯಿಂದ ಆರಂಭ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯ ಅಭ್ಯಾಸ ಮಾತ್ರ ಸಹಕಾರಿ ಸಂಘಗಳಲ್ಲೂ ಬೇರೂರಿ ನಡೆದಿದೆ.

ಪಿಗ್ಮಿಯವರು ದಿನಾ ಪ್ರತಿ ಅಂಗಡಿಗೆ ಹೋಗುತ್ತಾರೆ. ಯಾರ ಗಲ್ಲಾ ತುಂಬಿದೆ, ಯಾರ ಒಲೆ ಎಷ್ಟು ಹೊತ್ತಿಗೆ ಆರುತ್ತದೆ, ಯಾರು ನಿನ್ನೆಯ ಎಣ್ಣೆಗೆ ಇವತ್ತಿನ ಬಜೆ ಬಿಡುವುದಿಲ್ಲ, ಎಲ್ಲವೂ ಅವರಿಗೆ ಗೊತ್ತು. ಗುಟ್ಟು ಬಿಟ್ಟುಕೊಡುವುದಿಲ್ಲ. ಆದರೆ ಅವರು ಸಂಜೆಯ ಚಹಾಕ್ಕೆ ಎಲ್ಲಿ ಕೂರುತ್ತಾರೆ ಎಂದು ನೋಡಿಕೊಂಡರೆ ಸಾಕು. ಪಿಗ್ಮಿಯವರು ಸಿಗದಿದ್ದರೆ ಬಸ್ ಕಂಡಕ್ಟರ್. ಅವರೂ ಸಿಗದಿದ್ದರೆ ಬಾಳೆಎಲೆ ಮಾರುವವರು. ಯಾವ ಹೋಟೆಲಿಗೆ ಎಷ್ಟು ಎಲೆ ಹೋಗುತ್ತದೆ ಎನ್ನುವುದಕ್ಕಿಂತ ನಂಬಿಕಸ್ಥ ನಕ್ಷತ್ರ ಇನ್ನೊಂದಿಲ್ಲ.

ನನ್ನ ಗೆಳೆಯ ಕಳೆದ ಮಳೆಗಾಲದಲ್ಲಿ ಮತ್ತೆ ಬಂದಿದ್ದ. ಈ ಸಲ ನಾನೂ ಜೊತೆಗಿದ್ದೆ. ಎಂಟು ಗಂಟೆಗೇ ಅದೇ ಹೋಟೆಲಿಗೆ ಕರೆದೊಯ್ದೆ. ಗಲ್ಲಾದವರು ಅವನನ್ನು ಗುರುತಿಸಲಿಲ್ಲ. ‘ಬನ್ನಿ, ಕೂಕಣಿ’ ಅಂದರು. ಅವನು ಮೂರು ಬನ್ಸ್ ತಿಂದ, ನಾಲ್ಕನೆಯದಕ್ಕೆ ಕೈ ಎತ್ತಿದಾಗ ‘ಖಾಲಿ ಆಯ್ತ್’ ಅಂದರು. ಈ ಸಲ ಅವನಿಗೆ ಅರ್ಥವಾಯಿತು.

ನೀವೂ ಬನ್ನಿ. ಸೂರಾಲು, ಬಾರಕೂರು, ಮಂದಾರ್ತಿ ಎಲ್ಲವೂ ಹತ್ತಿರ. ಆದರೆ ಒಂಬತ್ತೂವರೆಯೊಳಗೆ ಪೇಟೆ ತಲುಪಿ, ಫೋನು ಜೇಬಿಗೆ ಹಾಕಿ, ‘ತಿಂಬುಕ್ ಎಂತ ಇತ್ತ್?’ ಎಂದು ಕೇಳಿ. ‘ಇತ್ತ್’ ಎಂಬ ಉತ್ತರ ಬಂದರೆ ಹಿಂದೆ ಮುಂದೆ ನೋಡದೆ ಕೂತುಬಿಡಿ.